ಕೋಟೆಯ ಒಳಗೋ ಹೊರಗೋ

ಹಂಪಿಗೆ ಬರುತ್ತಿದ್ದೇವೆ, ಎಲ್ಲಿ ಉಳಿದುಕೊಳ್ಳೋಣ ಎಂದು ಯಾರಾದರೂ ಕೇಳಿದರೆ ಸಾಕು, ನನಗೆ ಕೊಂಬು ಮೂಡುತ್ತದೆ. "ಹೊಸಪೇಟ್ಯಾಗ ಉಳೀರಿ. ಮುಂಜಾನೆ ನಾಷ್ಟಾ ಮಾಡ್ಕೊಂಡು ಹೋಗ್ರಿ, ಎಲ್ಲಾ ನೋಡ್ರಿ, ಸಂಜಿಮುಂದ ವಾಪಸ್ ಬರ್ರಿ" ಎಂದು ವರ್ಷಗಟ್ಟಲೆ ಪುಕ್ಕಟೆ ಸಲಹೆ ಕೊಟ್ಟಿದ್ದೇನೆ. ಈಗ ಒಪ್ಪಿಕೊಂಡುಬಿಡುತ್ತೇನೆ. ಹೊಸಪೇಟೆಯಲ್ಲೇ ಹುಟ್ಟಿ, ಹೊಸಪೇಟೆಗೇ ಮದುವೆಯಾದ ನಾನು ನಲವತ್ತೆಂಟು ತುಂಬುವವರೆಗೆ ಒಂದು ರಾತ್ರಿಯೂ ಹಂಪಿಯಲ್ಲಿ ತಂಗಿರಲಿಲ್ಲ. ನಮ್ಮವರು ಯಾರೂ ತಂಗುವುದಿಲ್ಲ. ಹದಿಮೂರು ಕಿಲೋಮೀಟರಿನಲ್ಲಿ ಸ್ವಂತ ಮಂಚ ಇಟ್ಟುಕೊಂಡು ಯಾವ ಪುಣ್ಯಾತ್ಮ ಇನ್ನೊಬ್ಬರ ಮಂಚದ ಮೇಲೆ ಮಲಗುತ್ತಾನೆ? ಬಂದ ನೆಂಟರಿಗೆ ಕಲ್ಲಿನ ರಥವನ್ನು ನಮ್ಮಜ್ಜನೇ ಕೆತ್ತಿಸಿದನೇನೋ ಎಂಬ ಗತ್ತಿನಲ್ಲಿ ತೋರಿಸಿ, ಕತ್ತಲಾಗುವುದರೊಳಗೆ ಮನೆ ಸೇರುವುದು ನಮ್ಮ ಪದ್ಧತಿ.

ಅಷ್ಟರಲ್ಲಿ ಕಬ್ಬಿಣದ ಅದಿರಿನ ಕಾಲ ಬಂತು. ಸಂಡೂರಿನ ಗಣಿಗಳ ಕಡೆಯಿಂದ ಬಿಡುವಿಲ್ಲದೆ ಲಾರಿಗಳು. ಒಣಹಾಕಿದ ಬಿಳಿ ಪಂಚೆ ಮಧ್ಯಾಹ್ನಕ್ಕೆ ಕೆಂಪಾಗಿರುತ್ತಿತ್ತು. ನಮ್ಮ ಯಜಮಾನರದು ಲಾರಿ ಟೈರಿನ ಅಂಗಡಿ. ಗುಂಡಿಬಿದ್ದ ರಸ್ತೆಗೆ ಊರೆಲ್ಲ ಶಾಪ ಹಾಕುತ್ತಿದ್ದರೂ ನಮ್ಮ ಮನೆಯಲ್ಲಿ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಗುಂಡಿಗಳ ಕೃಪೆಯಿಂದಲೇ ನಾವಿಬ್ಬರೂ ಇಟಲಿ ನೋಡಲು ಹೊರಟದ್ದು.

ಅಲ್ಲಿ ಸಿಯೆನಾ ಅಂತ ಒಂದು ಹಳೆಯ ಊರು, ಗುಡ್ಡದ ಮೇಲೆ, ಸುತ್ತ ಕೋಟೆಗೋಡೆ. ಹಿಂದಿನವರು ಗುಡ್ಡ ಹುಡುಕಿ ಊರು ಕಟ್ಟಿದ್ದು ವೈರಿಗಳು ಸಲೀಸಾಗಿ ಹತ್ತಿ ಬರಬಾರದೆಂದು. ನಮ್ಮ ಅರಸರು ಬಂಡೆಗಳ ನಡುವೆ ಸೇರಿಕೊಂಡದ್ದೂ ಅದಕ್ಕೇ. ವೈರಿಗಳು ಎಂದೋ ಹೋದರು, ಈಗ ಆ ಏರು ತಡೆಯುವುದು ಸೂಟ್‌ಕೇಸ್ ಹಿಡಿದ ನನ್ನಂಥವರನ್ನು. ಕೋಟೆಯ ಹೊರಗೆ, ಕೆಳಗೆ, ಲಿಫ್ಟು, ಕಾರು ನಿಲ್ಲಿಸಲು ಜಾಗ ಎಲ್ಲ ಇದ್ದ ಹೋಟೆಲ್ಲು. ಕೋಟೆಯ ಒಳಗೆ ಒಬ್ಬ ಹೆಂಗಸಿನ ಹಳೇ ಮನೆಯ ಮೂರನೇ ಮಹಡಿಯ ಕೋಣೆ, ಲಿಫ್ಟಿಲ್ಲ. ಹೊರಡುವ ಮೊದಲೇ ಗೊತ್ತುಮಾಡಬೇಕಿತ್ತು, ಯಾವುದು?

"ಕೆಳಗ ಇರೋಣು. ಮುಂಜಾನೆ ಹತ್ತಿ ನೋಡ್ಕೊಂಡು, ಸಂಜಿಮುಂದ ಇಳಿದ್ರಾತು" ಎಂದರು ಯಜಮಾನರು.

ಅಯ್ಯೋ, ನನ್ನದೇ ಸಲಹೆ! ಇನ್ನೊಬ್ಬರ ಬಾಯಲ್ಲಿ ಅದು ಎಷ್ಟು ಕಳಪೆಯಾಗಿ ಕೇಳಿಸಿತೆಂದರೆ ನನಗೆ ರೇಗಿಹೋಯಿತು. "ಅಷ್ಟು ದೂರ ಹೋಗಿ ಊರ ಹೊರಗ ಮಲಗಾಕ ನಾ ಒಲ್ಲೆ. ಕೋಟಿ ಒಳಗಾ ಬೇಕು."

"ಆತು. ಮಣಕಾಲು ನೋವಂತ ಅಲ್ಲಿ ಅಳಬ್ಯಾಡ ಮತ್ತ."

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿದ ಸೂಟ್‌ಕೇಸ್ ಹೊತ್ತು ಆ ಮೆಟ್ಟಿಲು ಹತ್ತುವಾಗ ಅಳು ಬಂದದ್ದು ನಿಜ, ಅಳಲಿಲ್ಲ ಅಷ್ಟೆ. ಒಂದೊಂದು ತಿರುವಿನಲ್ಲೂ ಅವರು ನಿಂತು ನನ್ನ ಮುಖ ನೋಡಿ ನಗುತ್ತಿದ್ದರು. ಆದರೆ ಬೆಳಿಗ್ಗೆ ಕಿಟಕಿ ತೆರೆದರೆ ಎದುರು ಮನೆಯಾಕೆ ಹಗ್ಗಕ್ಕೆ ಬಟ್ಟೆ ಹಾಕುತ್ತಿದ್ದಳು. ಕೆಳಗೆ ಬ್ರೆಡ್ಡು ಬೇಯುವ ವಾಸನೆ. ಪ್ರವಾಸಿ ಬಸ್ಸುಗಳು ಇನ್ನೂ ಬಂದಿರಲಿಲ್ಲ. ನಾನು ಗೆದ್ದಿದ್ದೆ.

ಗೆದ್ದ ಹುಮ್ಮಸ್ಸಿನಲ್ಲಿ ಆ ಮನೆಯ ಒಡತಿಗೆ, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಹಂಪಿಯ ವರ್ಣನೆ ಶುರುಮಾಡಿದೆ. ನಿಮ್ಮ ಕೋಟೆ ಚೆನ್ನಾಗಿದೆ, ಆದರೆ ನಮ್ಮದು ಇಂಥವು ಹತ್ತು ನುಂಗುತ್ತದೆ ಎಂದೆ. ಆಕೆ ಕೆನ್ನೆಗೆ ಕೈಯಿಟ್ಟು ಕೇಳಿದಳು. ಆಮೇಲೆ ಆಸೆಯಿಂದ, ಅಲ್ಲಿ ಬೆಳಿಗ್ಗೆ ಕಿಟಕಿ ತೆರೆದರೆ ಏನು ಕಾಣುತ್ತದೆ ಎಂದಳು.

ನನಗೆ ಗೊತ್ತಿದ್ದದ್ದು ಹತ್ತು ಗಂಟೆಯಿಂದ ಐದು ಗಂಟೆಯವರೆಗಿನ ಹಂಪಿ. ಯಜಮಾನರು ನಮ್ಮ ಮನೆಯ ಕಿಟಕಿ ನೆನೆಸಿಕೊಂಡು ಪ್ರಾಮಾಣಿಕವಾಗಿ "ಟೈರ್" ಎಂದುಬಿಟ್ಟರು. ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಇಷ್ಟು ದಿನ ಮೆರೆದದ್ದು ಯಾವ ಮುಖ ಇಟ್ಟುಕೊಂಡು?

ಊರಿಗೆ ಮರಳಿದ ವಾರವೇ ಹಂಪಿಗೆ ಹೋಗಿ ಹೊಳೆಯ ಬದಿಯ ಗೆಸ್ಟ್ ಹೌಸಿನಲ್ಲಿ ಕೋಣೆ ಕೇಳಿದೆವು. ನಾಲ್ಕೇ ಕೋಣೆ. ನಡೆಸುವಾಕೆ ನಿಂಗಮ್ಮ, ಕಂಪ್ಲಿಯಿಂದ ಸೊಸೆಯಾಗಿ ಬಂದವಳು. ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು.

"ಹೊಸಪೇಟ್ಯವ್ರಾ? ಮನ್ಯಾಗ ಏನರ ಜಗಳ ಆಗೇತೇನ್ರೀ?"

"ಇಲ್ಲಬೇ, ಸುಮ್ನ ಇರಾಕ ಬಂದೀವಿ."

"ಸುಮ್ನ ಯಾರು ಬರ್ತಾರ್ರಿ? ಬಸ್ ಇನ್ನಾ ಐತಿ, ಹೋಗ್ರಿ. ಸೊಸಿ ಏನರ ಅಂದಿದ್ರ ಹೊಟ್ಟ್ಯಾಗ ಹಾಕ್ಕೊಳ್ರಿ."

ನಮಗೆ ಸೊಸೆಯೇ ಇಲ್ಲ ಎಂದು ನಂಬಿಸಿ ಬೀಗದಕೈ ಪಡೆಯುವಷ್ಟರಲ್ಲಿ ಸಾಕುಬೇಕಾಯಿತು.

ಬೆಳಿಗ್ಗೆ ಕಿಟಕಿ ತೆರೆದೆ. ಕೈಗೆ ಸಿಗುವಷ್ಟು ಹತ್ತಿರ ಬಾಳೆ ಎಲೆಗಳು, ಅದರಾಚೆ ಹೊಳೆ. ಗುಡಿಯ ಆನೆ ನೀರಿನಲ್ಲಿ ಮಗ್ಗುಲಾಗಿ ಮಲಗಿ ಬೆನ್ನು ಉಜ್ಜಿಸಿಕೊಳ್ಳುತ್ತಿತ್ತು. ಗೋಪುರದ ತುದಿಗೆ ಮಾತ್ರ ಬಿಸಿಲು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಆನೆಯನ್ನೇ ಗದರಿಸುತ್ತಿದ್ದರು, ನೀರು ರಾಡಿ ಮಾಡುತ್ತದೆಂದು. ನನಗೆ ಎದೆ ಉಬ್ಬಿಬಂತು, ಕಣ್ಣು ತುಂಬಿತು. ಇಂಥದ್ದನ್ನು ನಾನು ಊರೂರಿನವರಿಗೆ ನೋಡಗೊಡದೆ ವಾಪಸ್ ಕರೆಸಿಕೊಂಡಿದ್ದೆನಲ್ಲ!

ನಿಂಗಮ್ಮ ಚಹಾ ತಂದಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕೇಳಿದಳು: "ಹೆಂಗೈತ್ರೀ ನಮ್ಮೂರು?"

ಬೇರೆ ದಿನವಾಗಿದ್ದರೆ ಅವಳಿಗೇ ಹಂಪಿಯ ಇತಿಹಾಸ ಹೇಳಿರುತ್ತಿದ್ದೆ. "ಭಾಳ ಚಲೋ ಐತಿ ನಿಮ್ಮೂರು" ಎಂದೆ. ಅವಳ ಮುಖ ಅರಳಿತು.

ಯಜಮಾನರು ಕಿಟಕಿಯ ಹತ್ತಿರವೇ ಕುರ್ಚಿ ಎಳೆದುಕೊಂಡಿದ್ದರು. ಅದಿರಿನ ಕಾಲದಲ್ಲಿ ಹಬ್ಬಕ್ಕೂ ಅಂಗಡಿ ಮುಚ್ಚದಿದ್ದ ಮನುಷ್ಯ. ಗಡಿಯಾರ ನೋಡಿಕೊಂಡರು, ಆನೆಯನ್ನು ನೋಡಿದರು.

"ಅಂಗಡಿ ನಾಳಿ ತಗದ್ರಾತು ಬಿಡು" ಎಂದರು.