ಪೊರೆ ಬಿಡುವ ಹೊತ್ತು

ನೆನೆಸಿದ ಹಿಪ್ಪುನೇರಳೆ ಕಡ್ಡಿಯ ಹಸಿ ವಾಸನೆ ಬಂದರೆ ಇವತ್ತಿಗೂ ನನ್ನ ಕೈ ಒಂದು ಕ್ಷಣ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಅದು ಬರೀ ಕಚ್ಚಾವಸ್ತು. ನನಗೆ ಅದು ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆ ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಿದ್ದ ಕೋಣೆ...

ಎಂಬತ್ತರ ದಶಕದ ಕೊನೆ. ಆ ಕಡ್ಡಿಯ ನಾರನ್ನು ಕಿಣ್ವ ಹಾಕಿ ಸಕ್ಕರೆ ಮಾಡುವುದು ಪಟ್ಟಣದಲ್ಲಿ ಓದುತ್ತಿದ್ದ ನನ್ನ ಸಂಶೋಧನೆ. ಹುಳು ಸೊಪ್ಪು ತಿಂದು ಉಳಿದ ಕಡ್ಡಿ ದೊಡ್ಡಮ್ಮನ ಒಲೆಗೆ ಹೋಗುತ್ತಿತ್ತು. ನನಗೆಂದು ಒಂದು ಹೊರೆ ಎತ್ತಿಡುತ್ತಿದ್ದರು. ಸಕ್ಕರೆ ಆದ ದಿನ ಮೊದಲ ಕಾಫಿ ತನಗೇ ಎಂದು ನಗುತ್ತಿದ್ದರು.

ಆ ಸಲ ಊರಿಗೆ ಬಂದಾಗ ಕೆಲಸ ನಿಂತುಹೋಗಿತ್ತು. ಏನಾಯಿತೆಂದು ಕೇಳಿದರು. ಪಾತ್ರೆಯ ತಳದಲ್ಲೊಂದು ತೆಳು ಪೊರೆ ಇದೆ, ಅದು ಕಿಣ್ವವನ್ನು ಒಳಗೆ ಹಿಡಿದಿಟ್ಟು ಸಕ್ಕರೆಯನ್ನಷ್ಟೇ ಹೊರಗೆ ಬಿಡಬೇಕು, ಈಗ ಪೊರೆಯ ರಂಧ್ರಗಳು ಮುಚ್ಚಿಕೊಂಡು ಹನಿಯೂ ಇಳಿಯುತ್ತಿಲ್ಲ ಎಂದೆ.

ದೊಡ್ಡಮ್ಮನ ಕಿವಿಗೆ ಬಿದ್ದದ್ದು ಪೊರೆ ಒಂದೇ. ಪೊರೆ ಬಿಡುವ ಮುಂಚೆ ಅವರ ಹುಳುಗಳು ಮೇವು ಬಿಟ್ಟು, ತಲೆಯೆತ್ತಿ, ಅಲುಗಾಡದೆ ಕೂರುತ್ತಿದ್ದವು. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ.

"ನಿಂದೂ ಜ್ವರಕ್ಕೆ ಕೂತಿರ್ತದೆ ಕಣೇ. ಎಬ್ಬಿಸಬೇಡ, ತಾನಾಗೇ ಏಳ್ತದೆ."

ಕಿಣ್ವ ಹುಳುವಲ್ಲ, ಅದಕ್ಕೆ ಜೀವವಿಲ್ಲ ಎಂದೆ. ಜೀವ ಇಲ್ಲದ್ದು ಕಡ್ಡಿ ತಿನ್ನುತ್ತದಾ, ಇದನ್ನೇನಾ ನೀನು ಓದಿದ್ದು ಎಂದು ನನ್ನನ್ನೇ ಗೇಲಿ ಮಾಡಿದರು.

ಮರುದಿನ ಗೌರಿಬಿದನೂರಿನಿಂದ ಗಂಡಿನ ಕಡೆಯವರು ಹೇಳದೆ ಕೇಳದೆ ಬಂದರು. ಒಪ್ಪಿಗೆಯಾದರೆ ಓದು ಅಲ್ಲಿಗೇ ನಿಲ್ಲಬೇಕು ಎಂದರು. ಅಪ್ಪ ಕಾಫಿಗೆ ಹೇಳಿದರು. ನಾನು ಒಳಕೋಣೆಯಿಂದ ಏಳದೆ ಕೂತೆ. ಅಮ್ಮ ಮತ್ತೆ ಮತ್ತೆ ಕರೆದರು. ಆಗ ಜಗುಲಿಯಿಂದ ದೊಡ್ಡಮ್ಮನ ಧ್ವನಿ:

"ಹುಡುಗಿ ಜ್ವರಕ್ಕೆ ಕೂತವ್ಳೆ ಕಣಪ್ಪ. ಈಗ ಮುಟ್ಟಂಗಿಲ್ಲ."

ಬಂದವರು ಹುಳು ಸಾಕುವ ಮನೆಯವರಲ್ಲ. ಪಾಪ, ಮಾತ್ರೆ ಕೊಡಿಸಿ ಎಂದು ಕಾಫಿ ಕುಡಿದು ಬಸ್ಸಿಗೆ ಎದ್ದರು. ಅಪ್ಪನಿಗೆ ಅರ್ಥವಾಗಿತ್ತು. ಬಾಗಿಲಿಗೆ ಬಂದು, "ಈ ಜ್ವರ ಯಾವಾಗ ಬಿಡ್ತದಮ್ಮ?" ಅಂದರು.

"ಓದು ಮುಗಿದ ಮೇಲೆ," ಎಂದೆ. ಅವರು ಮತ್ತೆ ಆ ಮಾತೆತ್ತಲಿಲ್ಲ.

ವಾಪಸ್ಸು ಹೋಗಿ ಪೊರೆ ತೊಳೆದು ಕೂರಿಸಿದೆ. ಸಕ್ಕರೆ ಹನಿಹನಿಯಾಗಿ ಇಳಿಯಿತು. ಕಾಫಿಗೆ ಹಾಕುವಂಥದ್ದಲ್ಲ, ತೋರಿಸೋಣವೆಂದು ಒಂದು ಪುಟ್ಟ ಸೀಸೆಯಲ್ಲಿ ಎತ್ತಿಟ್ಟೆ. ನಾನು ಊರಿಗೆ ಹೋಗುವಷ್ಟರಲ್ಲಿ ದೊಡ್ಡಮ್ಮ ಇರಲಿಲ್ಲ...

ಅವರ ಕೋಣೆಯಲ್ಲಿ ಈಗ ಹುಳುವಿನ ತಟ್ಟೆಗಳಿಲ್ಲ. ಇಲ್ಲಿ ಪ್ರಯೋಗಾಲಯದಲ್ಲಿ ಹನಿ ನಿಂತಾಗ ಕಿರಿಯರು ನನ್ನ ಬಾಯಿಂದ ಕಲಿತಂತೆ, "ಮೇಡಂ, ಜ್ವರ" ಎನ್ನುತ್ತಾರೆ. ಅದು ಯಾರ ಮಾತೆಂದು ನಾನು ಯಾರಿಗೂ ಹೇಳಿಲ್ಲ. ಏಳುತ್ತದೆ, ಪೊರೆ ತೊಳೆಯಿರಿ ಎನ್ನುತ್ತೇನೆ.