ಒಂದು ಮಂಚ, ಎರಡು ಪಾಳಿ

ಲಾಯರಮ್ಮ ಲಾಯರಲ್ಲ. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಗಲು ಪಾಳಿಯ ಕೆಲಸದವಳು. ಮೇಸ್ತ್ರಿ ಏನೇ ಹೇಳಲಿ, "ಅದ್ಯಾವ ನಿಯಮದಲ್ಲಿದೆ ಸ್ವಾಮಿ?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದಳು, ಹಾಗಾಗಿ ಆ ಹೆಸರು ಅಂಟಿತು. ವರ್ಷಗಟ್ಟಲೆ ಬಿಸಿನೀರಲ್ಲಿ ಅದ್ದಿ ಬೆರಳ ಗೆರೆಗಳು ಅಳಿಸಿಹೋಗಿದ್ದವು. ನಾಲಿಗೆ ಮಾತ್ರ ಸವೆದಿರಲಿಲ್ಲ.

ಹಳೆಯ ಕಟ್ಟಡವೊಂದರ ಮೇಲಂತಸ್ತಿನಲ್ಲಿ ಅವಳ ಕೋಣೆ. ಒಂದು ಮಂಚ, ಒಂದು ಒಲೆ, ಬೀದಿಗೆ ತೆರೆಯುವ ಒಂದು ಕಿಟಕಿ. ಬಾಡಿಗೆ ಒಬ್ಬಳ ಸಂಬಳಕ್ಕೆ ಎಟುಕುವಂಥದ್ದಲ್ಲ. ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುವ, ತನಗಿಂತ ಕಿರಿಯ ಹೆಂಗಸೊಬ್ಬಳನ್ನು ಜೊತೆಗೆ ಸೇರಿಸಿಕೊಂಡಳು. ಆ ಬೀದಿಯಲ್ಲಿ ಹಾಗೆ ಮಂಚ ಹಂಚಿಕೊಂಡವರು ಬೇಕಾದಷ್ಟಿದ್ದರು. ಒಬ್ಬಳು ಎದ್ದ ಜಾಗದಲ್ಲಿ ಇನ್ನೊಬ್ಬಳು ಮಲಗುವುದು. ಕಿರಿಯವಳು ಹಿಟ್ಟು ಮೆತ್ತಿದ ತಲೆ ಹೊತ್ತು ಬರುವಾಗ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು.

"ಏಳಕ್ಕಾ, ನನ್ನ ಪಾಳಿ ಶುರುವಾಯ್ತು."

"ನಿದ್ದೆಗೂ ಮೇಸ್ತ್ರಿ ಆದ್ಯಲ್ಲೇ ನೀನು!"

ಇಬ್ಬರೂ ಎಚ್ಚರವಾಗಿ ಎದುರುಬದುರು ಕೂರುತ್ತಿದ್ದುದು ಸಂಜೆ, ಸ್ವಲ್ಪ ಹೊತ್ತು. ತನ್ನವರು ಅಂತ ಬೇರೆ ಯಾರೂ ಇಲ್ಲದ ಕಿರಿಯವಳಿಗೆ ಆ ಸ್ವಲ್ಪ ಹೊತ್ತೇ ಮನೆ.

ರಸ್ತೆ ಅಗಲ ಮಾಡುವುದಕ್ಕೆ ಕಟ್ಟಡ ಕೆಡವುತ್ತಾರೆಂದು ಸುದ್ದಿ ಬಂತು. ಇದ್ದವರಿಗೆಲ್ಲ ಬೇರೆ ಕೋಣೆ ಕೊಡುತ್ತಾರಂತೆ. ಒಂದು ಸಂಜೆ, ಕಿರಿಯವಳು ಕೆಲಸಕ್ಕೆ ಹೋದ ಮೇಲೆ, ಲೆಕ್ಕ ಬರೆಯುವವರು ಬಂದರು.

"ರಾತ್ರಿ ಇಲ್ಲಿ ಎಷ್ಟು ಜನ ಮಲಗ್ತೀರಿ?"

ಕೋಣೆಗೆ ಒಬ್ಬರೇ ಇರಬೇಕೆಂಬುದು ಮಾಲೀಕರ ಕಟ್ಟಪ್ಪಣೆ. ಇಬ್ಬರು ಎಂದರೆ ಇರುವುದನ್ನೂ ಕಿತ್ತುಕೊಂಡಾರು ಎಂದು ಹೆದರಿ ಲಾಯರಮ್ಮ ಅಂದಳು, "ನಾನೊಬ್ಬಳೇ."

ಸುಳ್ಳೇನೂ ಆಗಿರಲಿಲ್ಲ. ಆದರೆ ಹೊಸ ಕೋಣೆಗಳು ಹಂಚಿಕೆಯಾದಾಗ ಕಿರಿಯವಳ ಹೆಸರು ಎಲ್ಲೂ ಇಲ್ಲ.

ಲಾಯರಮ್ಮ ಕಚೇರಿಯಿಂದ ಕಚೇರಿಗೆ ಅಲೆದಳು. ಕಡೆಗೆ ರಜೆ ಹಾಕಿ ಮಾನವ ಹಕ್ಕುಗಳ ಆಯೋಗಕ್ಕೆ ಹೋದಳು. ಅಲ್ಲಿನ ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ತೋರಿಸಿದ.

"ಪೊಲೀಸರು ಹೊಡೆದ್ರಾ ಅಮ್ಮ?"

"ಇಲ್ಲ."

"ಮತ ಹಾಕೋಕೆ ಬಿಡ್ಲಿಲ್ವಾ?"

"ಹಾಕಿದೀನಿ."

"ಮಾತಾಡೋಕೆ ಯಾರಾದ್ರೂ ಅಡ್ಡಿ ಮಾಡಿದ್ರಾ?"

"ಇಷ್ಟೊತ್ತೂ ಮಾತಾಡ್ತಾನೇ ಇದೀನಲ್ಲ ಸ್ವಾಮಿ."

"ಮತ್ತೆ ನಿಮ್ಮ ಹಕ್ಕೆಲ್ಲ ಭದ್ರವಾಗೇ ಇದೆ. ಮನೆ ಅನ್ನೋದು ಯೋಜನೆ, ಅನುದಾನ ಬಂದಾಗ ಕೊಡೋದು. ನಮ್ಮ ವ್ಯಾಪ್ತಿಗೆ ಬರಲ್ಲ."

"ಸರಿ. ಇಷ್ಟೊಂದು ಹಕ್ಕಿದೆಯಲ್ಲ, ಇದನ್ನೆಲ್ಲ ಆ ಹುಡುಗಿ ಎಲ್ಲಿ ಇಟ್ಕೋಬೇಕು ಅಂತ ಹೇಳಿ."

ಅಧಿಕಾರಿ ನಕ್ಕ. ಅವಳು ನಗಲಿಲ್ಲ.

ಅಂದು ಸಂಜೆ ಕಿರಿಯವಳ ಮುಂದೆ ಚಪ್ಪಲಿಯನ್ನೂ ಬಿಡದೆ ಕೂತು ಹೇಳಿದಳು: "ಸರ್ಕಾರ ಏನು ಮಾಡಬಾರದೋ ಅದು ಹಕ್ಕಂತೆ. ಏನು ಮಾಡಬೇಕೋ ಅದು ದಯೆಯಂತೆ. ಹೊಡೀದೆ ಇರೋದಕ್ಕೆ ಕಾಸು ಖರ್ಚಿಲ್ಲ ನೋಡು, ಅದಕ್ಕೇ ಅದನ್ನ ಧಾರಾಳವಾಗಿ ಕೊಟ್ಟಿದಾರೆ. ಆ ಹಕ್ಕಿನ ಪಟ್ಟಿ ಬರೆದೋರಿಗೆಲ್ಲ ಮನೆ ಇತ್ತು ಕಣೇ."

"ಹೋಗ್ಲಿ ಬಿಡಕ್ಕಾ."

"ಯಾಕೆ ಬಿಡ್ಲಿ? ಒಬ್ಬಳೇ ಅಂದ ಬಾಯಿ ನಂದು." ಅವಳು ಸುಮ್ಮನಾದದ್ದನ್ನು ಕಿರಿಯವಳು ನೋಡಿದ್ದು ಅದೇ ಮೊದಲು.

ಹೊಸ ಕೋಣೆ ಊರಾಚೆಯ ವಸತಿ ಸಮುಚ್ಚಯದಲ್ಲಿ. ಮಂಚ ಹೊಸದು, ನಲ್ಲಿಯಲ್ಲಿ ನೀರು, ಗೋಡೆಗೆ ಬಿಳಿ ಸುಣ್ಣ. ಹೊರಗಿನವರು ತಂಗುವಂತಿಲ್ಲ. ಕಿರಿಯವಳಿಗೆ ಕಾರ್ಖಾನೆಯ ಹಿಂದಿನ ಹಾಸ್ಟೆಲಿನಲ್ಲಿ, ಗುರುತಿಲ್ಲದ ಹೆಂಗಸರ ನಡುವೆ, ಮೇಲಿನ ಹಾಸಿಗೆ ಸಿಕ್ಕಿತು. ಎರಡು ಬಸ್ಸು ಬದಲಿಸಿ ರಜೆಯ ದಿನ ಹೋದರೆ ವಾರದ ದಣಿವಿಗೆ ಅಕ್ಕ ನಿದ್ದೆಯಲ್ಲಿ. ಎಬ್ಬಿಸಲು ಮನಸ್ಸಾಗದೆ ಬಾಗಿಲಲ್ಲಿ ಕೂತು ಹಿಂತಿರುಗಿದ್ದೂ ಉಂಟು. ಬರುಬರುತ್ತ ಹೋಗುವುದು ಕಡಿಮೆಯಾಯಿತು.

ಚಳಿಗಾಲದಲ್ಲಿ ಲಾಯರಮ್ಮನಿಗೆ ಜ್ವರ ಬಂದು ಎದೆ ಕಟ್ಟಿತು. ಕೆಲಸದ ಆಸ್ಪತ್ರೆಯಲ್ಲಿ ರಜೆ ಹಾಕಿದ್ದಾಳೆಂದುಕೊಂಡರು. ಅಕ್ಕಪಕ್ಕದವರು ಊರಿಗೆ ಹೋಗಿದ್ದಾಳೆಂದುಕೊಂಡರು. ಹಳೆಯ ಕೋಣೆಯಾಗಿದ್ದರೆ ಬೆಳಗಾಗುತ್ತಲೇ ಮಂಚ ಕೇಳಿಕೊಂಡು ಒಬ್ಬಳು ಬಂದೇ ಬರುತ್ತಿದ್ದಳು. ಇಲ್ಲಿ ಯಾರೂ ಬರಲಿಲ್ಲ.

ಸುದ್ದಿ ತಿಳಿದು ಕಿರಿಯವಳು ಪಾಳಿ ಮುಗಿಸಿದವಳೇ ಅಲ್ಲಿಗೆ ಹೋದಳು. ಹೆಣವನ್ನು ಆಗಲೇ ಒಯ್ದಿದ್ದರು. ಕಾವಲಿನವನು ಬೀಗ ತೆಗೆದ. "ತುಂಬಾ ಒಳ್ಳೆಯವರು ಪಾಪ. ಬಂದಾಗಿನಿಂದ ಒಂದು ತಕರಾರು ಮಾಡಿದೋರಲ್ಲ" ಎಂದ.

ಕಿರಿಯವಳು ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ನಿದ್ದೆಗೆಟ್ಟ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ತುಂಬಾ ಹೊತ್ತು ಇರೋ ಹಾಗಿಲ್ಲಮ್ಮ. ಇಲ್ಲಿ ಒಬ್ಬರಿಗೇ ಅನುಮತಿ ಇರೋದು."

"ಈಗ ಒಬ್ಬಳೇ ಇದೀನಲ್ಲಪ್ಪಾ" ಎಂದಳು ಅವಳು.

ಕಾವಲಿನವನು ಬೀಗವನ್ನು ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋಗಿ ನಿಂತ.