ಚಾಟ್ನಿ ಮಾಡಿದ ಗುಲಾಬಿ

ಗುಲಾಬಿ ಅಂದರೆ ವರ್ಷವಿಡೀ ಹೂ ಬಿಡಬೇಕು ಎಂದು ತಿಳಿದಿದ್ದವನು ನಾನು. ನನ್ನ ಹೆಂಡತಿ ಹಿತ್ತಲಲ್ಲಿ ಹಚ್ಚಿದ್ದ ಬಳ್ಳಿ ಗುಲಾಬಿ ಹಾಗಲ್ಲ. ಶಿವರಾತ್ರಿಯ ಆಸುಪಾಸು ಒಮ್ಮೆ, ಅದೂ ಮೂರೇ ವಾರ. ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟು ಕೊಟ್ಟಿಗೆಯ ತಗಡೇ ಕಾಣದಂತೆ ಮಾಡುತ್ತಿದ್ದವು. ಉಳಿದ ದಿನವೆಲ್ಲ ಬರೀ ಎಲೆ, ಮುಳ್ಳು.

"ಮೂರ ವಾರದ ಹೂವಿಗೆ ವರ್ಸಾನಗಟ್ಲೆ ನೀರ ಹಾಕ್ತಿ. ಹುಚ್ಚ ಹಿಡದೈತೇನ ನಿನಗ?" ಎಂದು ಕಾಡಿಸುತ್ತಿದ್ದೆ.

"ನಿಮ್ಮ ದ್ರಾಕ್ಷಿ ವರ್ಸಕ್ಕ ಎಷ್ಟ ಸಲ ಬರ್ತೈತ್ರಿ?" ಎಂದು ಅವಳು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಜಮಖಂಡಿ ಕಡೆಯ ದ್ರಾಕ್ಷಿ ಬೆಳೆಗಾರನಿಗೆ ಒಂದು ಸೊಕ್ಕಿರುತ್ತದೆ: ಕತ್ತರಿ ಹಿಡಿಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ ಎಂದು. ದಸರೆಯ ಹೊತ್ತಿಗೆ ಬಳ್ಳಿಯನ್ನು ಕತ್ತರಿಸಿದರೇ ನಮ್ಮ ತೋಟದಲ್ಲಿ ಹಣ್ಣು. ಅದಕ್ಕೆ ಚಾಟ್ನಿ ಎನ್ನುತ್ತೇವೆ. ಆ ವರ್ಷ ಅವಳು ಆಪರೇಷನ್ನಿಗೆಂದು ಮೀರಜಿನಲ್ಲಿದ್ದಳು. ತಿರುಗಿ ಬಂದಾಗ ಎರಡು ಪಟ್ಟು ಹೂ ಕಂಡು ಖುಷಿಪಡಲಿ ಎಂದು, ತೋಟದ ಚಾಟ್ನಿ ಮುಗಿಸಿದ ಅದೇ ಕತ್ತರಿಯಿಂದ ಗುಲಾಬಿಯನ್ನೂ ಮೊಣಕಾಲೆತ್ತರಕ್ಕೆ ಇಳಿಸಿಬಿಟ್ಟೆ.

ಚಿಗುರು ಬಂತು ನೋಡಿ, ಏನು ಚಿಗುರು! ಶಿವರಾತ್ರಿಯ ಹೊತ್ತಿಗೆ ಬಳ್ಳಿ ತಗಡು ಮುಟ್ಟಿತು. ಹೂವು ಮಾತ್ರ ಒಂದೂ ಇಲ್ಲ. ಆಸ್ಪತ್ರೆಯಿಂದ ತಿರುಗಿ ಬಂದಿದ್ದ ಅವಳು ದಿನಾ ಮುಂಜಾನೆ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಬರುತ್ತಿದ್ದಳು, ತಲೆ ಎತ್ತಿ ನೋಡುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಕಡೆಗೆ ತಡೆಯಲಾರದೆ ಚಾಟ್ನಿ ಮಾಡಿದ್ದನ್ನು ನಾನೇ ಹೇಳಿಬಿಟ್ಟೆ.

"ಅಯ್ಯ ಶಿವನ! ಹ್ವಾದ ವರ್ಸದ ಬಳ್ಳಿ ಮ್ಯಾಲ ಅದು ಹೂ ಬಿಡೂದು. ಅದನ್ನ ಕತ್ತರಿಸಿ ಒಗದ್ರೇನು?" ಎಂದಳು. ಆಮೇಲೆ ನನ್ನ ಮುಖ ನೋಡಿ ನಕ್ಕಳು. "ಇರ್ಲಿ ಬಿಡ್ರಿ. ಬರೂ ವರ್ಸ ನೋಡೂನಂತ."

ದೀಪಾವಳಿಯವರೆಗೂ ಅವಳು ಉಳಿಯಲಿಲ್ಲ.

ಮುಂದಿನ ಶಿವರಾತ್ರಿಗೆ ಕೊಟ್ಟಿಗೆಯ ತುಂಬ ಹೂವು. ಅವಳು ದಿನಾ ತಲೆ ಎತ್ತಿ ನೋಡುತ್ತಿದ್ದಳಲ್ಲ, ಅದೇ ಬಳ್ಳಿಗಳ ಮೇಲೆ. ಓಣಿಯ ಹೆಣ್ಣುಮಕ್ಕಳು ಬಂದು, "ಎಷ್ಟ ಛಂದ ಬಿಟ್ಟಾವ್ರಿ ಕಾಕಾ!" ಎಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು ಮಾಡಲಿ? ಒಳಗೆ ಹೋಗಿ ಕೂತೆ.

ಅದಕ್ಕೆ ಮತ್ತೆ ಕತ್ತರಿ ಹಚ್ಚಿಲ್ಲ. ಈಗ ಪ್ರತಿ ವರ್ಷ ಬಿಡುತ್ತದೆ. ಅವಳು ಹಿಡಿಯುತ್ತಿದ್ದ ಗೋಡೆಯ ಹತ್ತಿರ ನಿಂತು ನೋಡುತ್ತೇನೆ. ಈ ಹೂವೆಲ್ಲ ಬೇಡ ನನಗೆ. ನಾನು ಕತ್ತರಿಸಿ ಒಗೆದ ಆ ಮೂರು ವಾರ ತಿರುಗಿ ಸಿಕ್ಕರೆ ಸಾಕು, ಅವಳು ನೋಡಿಕೊಂಡು ಹೋಗಲಿ.